ಆಕಾಶದ ನೀರುಗಂಟಿಗಳು

ಗುಬ್ಬಿ ತಾಲ್ಲೂಕಿನ ನಮ್ಮ ಕಡಬಕ್ಕೆ ಇತಿಹಾಸದ ಪುಸ್ತಕಗಳಲ್ಲಿ ಒಂದು ಮೂಲೆ ದೊರೆತಿರುವುದು ಇಲ್ಲಿ ಸಿಕ್ಕಿದ ತಾಮ್ರಶಾಸನದಿಂದ. ರಾಷ್ಟ್ರಕೂಟರ ಮೂರನೆಯ ಗೋವಿಂದನ ಹೆಸರಿನ ಆ ಶಾಸನದಲ್ಲಿ ನಮೂದಾಗಿರುವುದು ಶಕವರ್ಷ 735; ಎಂದರೆ ಕ್ರಿಸ್ತಶಕ ಒಂಬತ್ತನೆಯ ಶತಮಾನದ ಎರಡನೆಯ ದಶಕ. ಅದು ಹೇಳುವ ಸಂಗತಿ ಇಷ್ಟು: ಕುನುಂಗಿಲ್ ನಾಡನ್ನು, ಎಂದರೆ ಇಂದಿನ ಕುಣಿಗಲ್ ಸೀಮೆಯನ್ನು, ಆಳುತ್ತಿದ್ದ ವಿಮಲಾದಿತ್ಯನಿಗೆ ಶನಿಗ್ರಹದ ಪೀಡೆ ಅಂಟಿತ್ತು. ಅರ್ಕಕೀರ್ತಿ ಎಂಬ ಜೈನ ಮುನಿಗಳು ಅದನ್ನು ಪರಿಹರಿಸಿದರು. ಆ ಉಪಕಾರಕ್ಕಾಗಿ, ಚಾಕಿರಾಜನ ಬಿನ್ನಹದ ಮೇರೆಗೆ, ಜಾಲಮಂಗಲ ಎಂಬ ಗ್ರಾಮ ಜಿನಾಲಯಕ್ಕೆ ದತ್ತಿಯಾಯಿತು. ಶನಿ ಸೂರ್ಯನ ಮಗ. ಅರ್ಕ ಎಂದರೂ ಸೂರ್ಯನೇ. ಮಗ ಕೊಟ್ಟ ಪೀಡೆಯನ್ನು ತಂದೆಯ ಹೆಸರಿನವರು ಕಳೆದರೆಂಬುದು ಪಾಠ ಹೇಳುವವನಿಗೆ ಒಂದು ಸೊಗಸಾದ ಒಗ್ಗರಣೆ.

ಮೊನ್ನೆ ತರಗತಿಯಲ್ಲಿ ಈ ಪಾಠ ಮುಗಿಸಿ ಪುಸ್ತಕ ಮಡಿಚುತ್ತಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ.

"ಸಾರ್, ಆಗ ಆಕಾಶದಲ್ಲಿರುವವನು ಕುಣಿಗಲ್ಲನ್ನು ನೋಡುತ್ತಾನೆ ಅಂತ ನಂಬಿದ್ದರು. ಈಗ ನಿಜವಾಗಿಯೂ ನೋಡುತ್ತಿದ್ದಾರಲ್ಲ, ಆ ಉಪಗ್ರಹ ಮಾಡಿದವರಲ್ಲಿ ಒಬ್ಬರು ಆಲ್ದೂರಿನವರಂತೆ. ಆಲ್ದೂರೂ ನಮ್ಮ ಕಡಬದ ಹಾಗೆ ಒಂದು ಹೋಬಳಿ ಊರೇ ಅಲ್ಲವೆ, ಸಾರ್?"

ತರಗತಿ ನಕ್ಕಿತು. ನನಗೆ ನಗು ಬರಲಿಲ್ಲ. ಆ ಪ್ರಶ್ನೆಯ ಹಿಂದೆ ಇನ್ನೊಂದು ಪ್ರಶ್ನೆ ಅಡಗಿತ್ತು: ಅಲ್ಲಿಯವರು ಮಾಡಿದ್ದನ್ನು ಇಲ್ಲಿಯವರು ಮಾಡಬಹುದೆ? ಅಂಥ ಕೆಲಸದ ಮುಂದಾಳಾಗುವುದಕ್ಕೆ ಮನುಷ್ಯನಲ್ಲಿ ಏನಿರಬೇಕು? ಕನ್ನಡದ ಮೇಷ್ಟರು ಗಂಟೆ ಹೊಡೆಯುವುದರೊಳಗೆ ಉತ್ತರಿಸುವ ಪ್ರಶ್ನೆ ಇದಲ್ಲ. ಅಂದು ಹೇಳಲಾಗದ್ದನ್ನು ಇಲ್ಲಿ ಹೇಳಲು ಯತ್ನಿಸುತ್ತೇನೆ.

ಹುಡುಗ ಹೇಳಿದ್ದು ನಿಜ. ಚಿಕ್ಕಮಗಳೂರು ಜಿಲ್ಲೆಯ ಆಲ್ದೂರಿನ ಅವೈಸ್ ಅಹ್ಮದ್ ಮತ್ತು ಅವರ ಸಹಪಾಠಿ ಕ್ಷಿತಿಜ್ ಖಂಡೇಲ್ವಾಲ್ ಎಂಬ ತರುಣರಿಬ್ಬರು 2019ರಲ್ಲಿ, ರಾಜಸ್ಥಾನದ ಪಿಲಾನಿಯ ಬಿಟ್ಸ್ ವಿದ್ಯಾಸಂಸ್ಥೆಯಲ್ಲಿ ಇನ್ನೂ ಓದುತ್ತಿದ್ದಾಗಲೇ, 'ಪಿಕ್ಸೆಲ್' ಎಂಬ ಉಪಗ್ರಹ ಕಂಪೆನಿಯನ್ನು ಕಟ್ಟಿದರು. ಅದರ ನೆಲೆ ಬೆಂಗಳೂರು. ಆಡಳಿತದ ಹೊಣೆ ಅವೈಸ್ ಅವರದು. ಯಂತ್ರವಿದ್ಯೆಯ ಹೊಣೆ ಕ್ಷಿತಿಜ್ ಅವರದು.

ಕಂಪೆನಿ ಎಂದೊಡನೆ ನಮ್ಮ ಸೀಮೆಯ ಹಿರಿಯರಿಗೆ ನೆನಪಾಗುವುದು ಗುಬ್ಬಿ ಕಂಪೆನಿ; 1884ರಲ್ಲಿ ಹುಟ್ಟಿ, ವೀರಣ್ಣನವರ ಕೈಯಲ್ಲಿ ನಾಡೆಲ್ಲ ಹೆಸರಾದ ನಾಟಕ ಮಂಡಲಿ. ಪರದೆ ಎಳೆಯುವವನು ಬಾರದ ದಿನ ಯಜಮಾನನೇ ಹಗ್ಗ ಹಿಡಿಯಬೇಕಾದದ್ದು ನಾಟಕದ ಕಂಪೆನಿಗಳ ಧರ್ಮ. ಹೊಸದಾಗಿ ಹುಟ್ಟಿದ ಉಪಗ್ರಹ ಕಂಪೆನಿಯ ಧರ್ಮವೂ ಹೆಚ್ಚು ಕಡಿಮೆ ಅದೇ. ಆದರೆ ಒಂದು ವ್ಯತ್ಯಾಸವುಂಟು. ನಾಟಕದಲ್ಲಿ ಇಂದು ಮಾತು ತಪ್ಪಿದರೆ ನಾಳೆಯ ಆಟದಲ್ಲಿ ತಿದ್ದಿಕೊಳ್ಳಬಹುದು. ಉಪಗ್ರಹದ ಆಟ ಒಂದೇ ರಾತ್ರಿ. ಪರದೆ ಒಂದೇ ಸಲ ಏಳುತ್ತದೆ.

ಈ ತರುಣರು ಉಪಗ್ರಹ ಮಾಡಬೇಕೆಂದು ಹೊರಟವರಲ್ಲ ಎಂಬುದು ಗಮನಿಸತಕ್ಕ ಸಂಗತಿ. ಅವೈಸ್ ಅವರು ಮೊದಲು ಸ್ಪೇಸ್‌ಎಕ್ಸ್ ಸಂಸ್ಥೆ ಅಮೆರಿಕದಲ್ಲಿ ನಡೆಸಿದ ಹೈಪರ್‌ಲೂಪ್ ಸ್ಪರ್ಧೆಗೆ ಹೋದ ಭಾರತೀಯ ವಿದ್ಯಾರ್ಥಿ ತಂಡದಲ್ಲಿದ್ದರು. ಮುಂದೆ ಗೆಳೆಯರು ಇನ್ನೊಂದು ಅಂತರರಾಷ್ಟ್ರೀಯ ಸ್ಪರ್ಧೆಗಾಗಿ, ಆಗಲೇ ಆಕಾಶದಲ್ಲಿದ್ದ ಉಪಗ್ರಹಗಳ ಚಿತ್ರಗಳನ್ನು ಗಣಕಯಂತ್ರದಿಂದ ಓದಿಸಿ ಬೆಳೆಯ ಸ್ಥಿತಿಯನ್ನು ಹೇಳಬಹುದೆ ಎಂದು ನೋಡಿದರು. ಚಿತ್ರಗಳೇನೋ ರಾಶಿ ರಾಶಿಯಾಗಿ ದೊರೆತವು. ಅವರಿಗೆ ಬೇಕಾದ ಸೂಕ್ಷ್ಮ ಮಾತ್ರ ಅವುಗಳಲ್ಲಿರಲಿಲ್ಲ. ಚಿತ್ರ ಸಾಲದು, ಚಿತ್ರ ತೆಗೆಯುವ ಕಣ್ಣನ್ನೇ ಮಾಡಬೇಕು ಎಂಬ ತೀರ್ಮಾನದಿಂದ ಕಂಪೆನಿ ಹುಟ್ಟಿತು. ಬಾವಿಯ ನೀರು ಸಾಲದೆ ಬಂದವನು ಕೆರೆ ಕಟ್ಟಲು ಹೊರಟ ಹಾಗೆ!

ಆ ಕಣ್ಣು ಎಂಥದು ಎಂಬುದನ್ನು ನಮ್ಮ ತೋಟದಲ್ಲೇ ನಿಂತು ತಿಳಿಯೋಣ.

ನಮ್ಮ ಕಣ್ಣು ಬಣ್ಣಗಳನ್ನು ಕೆಂಪು, ಹಸಿರು, ನೀಲಿ ಎಂಬ ಮೂರು ಮೂಲಗಳಿಂದ ಗ್ರಹಿಸುತ್ತದೆ. ಸಾಮಾನ್ಯ ಕ್ಯಾಮರಾ ಕೂಡ ಹಾಗೆಯೇ. ಪಿಕ್ಸೆಲ್‌ನವರ ಕ್ಯಾಮರಾ ಅದೇ ಬೆಳಕನ್ನು ನೂರಕ್ಕೂ ಮಿಕ್ಕ ಸಣ್ಣ ಸಣ್ಣ ಎಳೆಗಳಾಗಿ ಬಿಡಿಸುತ್ತದೆ. ಅವುಗಳಲ್ಲಿ ಕೆಲವು ನಮ್ಮ ಕಣ್ಣಿಗೆ ಕಾಣದ, ಕೆಂಪಿನ ಆಚೆಯ ಎಳೆಗಳು. ಹಸಿರು ಎಲೆ ಕೆಂಪು ಬೆಳಕನ್ನು ಬಹುಮಟ್ಟಿಗೆ ನುಂಗಿ, ಕೆಂಪಿನಾಚೆಯ ಬೆಳಕನ್ನು ಧಾರಾಳವಾಗಿ ಹಿಂದಿರುಗಿಸುತ್ತದೆ. ಗಿಡ ನರಳಲು ತೊಡಗಿದಾಗ ಈ ಎರಡರ ನಡುವಿನ ಏರಿಳಿತ ಬದಲಾಗುತ್ತದೆ. ಎಲೆ ನಮ್ಮ ಕಣ್ಣಿಗೆ ಹಳದಿಯಾಗಿ ತೋರುವುದಕ್ಕೆ ಮೊದಲೇ ಈ ಬದಲಾವಣೆ ಕಾಣಿಸಿಕೊಳ್ಳಬಲ್ಲದು. ತೆಂಗಿನ ಸೀಮೆಯವರಿಗೆ ಇದರ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಣಬೆ ರೋಗ ಹಿಡಿದ ಮರದ ಗರಿ ಜೋತುಬೀಳುವ ಹೊತ್ತಿಗೆ ಬೇರಿನ ಕಥೆ ಮುಗಿಯುತ್ತ ಬಂದಿರುತ್ತದೆ. ಮರ ಮಾತನಾಡುವುದಿಲ್ಲ, ಮಾತನಾಡಿದಾಗ ತಡವಾಗಿರುತ್ತದೆ.

ಲೆಕ್ಕವನ್ನೂ ನೋಡಬಹುದು. ಈ ಕಂಪೆನಿಯ ಈಚಿನ ಉಪಗ್ರಹಗಳು ಸುಮಾರು 550 ಕಿಲೋಮೀಟರು ಎತ್ತರದಲ್ಲಿ ಸುತ್ತುತ್ತ, ನೆಲವನ್ನು ಐದೈದು ಮೀಟರಿನ ಚೌಕಗಳಾಗಿ ನೋಡುತ್ತವೆ. ಒಂದು ಚೌಕವೆಂದರೆ 25 ಚದರ ಮೀಟರು. ಒಂದು ಎಕರೆಯಲ್ಲಿ ಇಂಥ 160ಕ್ಕಿಂತ ತುಸು ಹೆಚ್ಚು ಚೌಕಗಳು. ಒಂಬತ್ತು ಅಡಿಗೊಂದರಂತೆ ನೆಟ್ಟ ಅಡಕೆ ತೋಟದಲ್ಲಿ ಒಂದು ಚೌಕಕ್ಕೆ ಮೂರು ನಾಲ್ಕು ಮರ. ತೆಂಗಾದರೆ ಒಂದು ಮರವೂ ಪೂರಾ ಹಿಡಿಸದು. ಈ ಎತ್ತರದಲ್ಲಿ ಉಪಗ್ರಹದ ವೇಗ ಸೆಕೆಂಡಿಗೆ ಏಳೂವರೆ ಕಿಲೋಮೀಟರು. ನಾವು ಬಸ್ಸಿಗಾಗಿ ಕಾಯುವ ಹೊತ್ತಿರಲಿ, ಟಿಕೀಟಿನ ಚಿಲ್ಲರೆ ಎಣಿಸುವ ಹೊತ್ತಿನಲ್ಲಿ ಅದು ಕಡಬದಿಂದ ತುಮಕೂರಿನಷ್ಟು ದೂರವನ್ನು ದಾಟಿರುತ್ತದೆ. ಆ ನಾಲ್ಕೈದು ಸೆಕೆಂಡಿನಲ್ಲಿ ಕಂಡದ್ದೇ ಕಂಡದ್ದು.

ಹಾಗೆಂದು ಇದು ದೈವದೃಷ್ಟಿಯಲ್ಲ. ಮುಂಗಾರಿನ ಮೋಡ ಮುಸುಕಿದರೆ ಈ ಕಣ್ಣು ಕುರುಡು. ಬಣ್ಣ ಬದಲಾದುದನ್ನು ಅದು ಹೇಳಬಹುದು. ಯಾಕೆ ಬದಲಾಯಿತೆಂಬುದನ್ನು ತಿಳಿಯಲು ತೋಟಕ್ಕೆ ಇಳಿದು ಮಣ್ಣು ಕೆದಕುವವನೊಬ್ಬ ಬೇಕೇ ಬೇಕು.

ಇಂಥ ಕೆಲಸದ ಮುಂದಾಳುತನವೆಂದರೆ ಏನು?

ನಾವು ಸಾಮಾನ್ಯವಾಗಿ ಮುಂದಾಳು ಎಂದೊಡನೆ ಧೈರ್ಯವಂತನನ್ನು, ಮುನ್ನುಗ್ಗುವವನನ್ನು ನೆನೆಯುತ್ತೇವೆ. ಪತ್ರಿಕೆಗಳಲ್ಲಿ ಅಚ್ಚಾಗುವುದೂ ರಾಕೆಟ್ಟು ಹಾರಿದ ಕ್ಷಣದ ಚಪ್ಪಾಳೆಯೇ. ಆದರೆ ಉಪಗ್ರಹವನ್ನು ಕುರಿತು ಸ್ವಲ್ಪ ಯೋಚಿಸಿದರೆ ಅದರ ಸ್ವಭಾವ ತಾಮ್ರಶಾಸನದ ಸ್ವಭಾವವೇ ಎಂಬುದು ಹೊಳೆಯುತ್ತದೆ. ಓಲೆಯ ಮೇಲೆ ಬರೆದದ್ದನ್ನು ಹೊಡೆದು ಹಾಕಿ ತಿರುಗಿ ಬರೆಯಬಹುದು. ತಾಮ್ರದಲ್ಲಿ ಕೊರೆದದ್ದು ಕೊರೆದದ್ದೇ. ಅಲ್ಲಿ ಕಂಡರಣೆಗಾರನ ಹೆಚ್ಚುಗಾರಿಕೆ ಅವನ ಉಳಿಯ ವೇಗದಲ್ಲಿರುವುದಿಲ್ಲ. ಏಟು ಬೀಳುವುದಕ್ಕೆ ಮೊದಲು ತಡೆದು ನಿಲ್ಲುವ ಅವನ ಕೈಯಲ್ಲಿರುತ್ತದೆ. ಮೇಲೇರಿದ ಉಪಗ್ರಹಕ್ಕೆ ನೆಲದಿಂದ ಕೆಲವು ಆಜ್ಞೆಗಳನ್ನು ಕಳುಹಿಸಬಹುದು. ಸಡಿಲಗೊಂಡ ಒಂದು ತಂತಿಯನ್ನು ಬೆಸೆಯಲು ಅಲ್ಲಿಗೆ ಯಾರೂ ಹೋಗಲಾರರು.

ಈ ಪಾಠವನ್ನು ಕನ್ನಡನಾಡು ಮೊದಲು ಕಲಿತದ್ದು ನಮ್ಮ ದಾರಿಯಲ್ಲೇ. ಕಡಬದಿಂದ ಬೆಂಗಳೂರಿಗೆ ಹೋಗುವವರು ತುಮಕೂರು ರಸ್ತೆಯಲ್ಲಿ ನೆಲಮಂಗಲ ದಾಟಿದ ಮೇಲೆ ಪೀಣ್ಯದ ಕಾರ್ಖಾನೆಗಳ ನಡುವೆ ಹಾಯುತ್ತಾರೆ. ಆ ಕೈಗಾರಿಕಾ ಬಡಾವಣೆಯ ಶೆಡ್ಡುಗಳಲ್ಲೇ ಭಾರತದ ಪ್ರಥಮ ಉಪಗ್ರಹ 'ಆರ್ಯಭಟ' ಸಿದ್ಧವಾದದ್ದು. ಮುಂದಾಳಾಗಿದ್ದವರು ಉಡುಪಿಯ ಬಳಿಯ ಅದಮಾರಿನಲ್ಲಿ 1932ರಲ್ಲಿ ಹುಟ್ಟಿದ ಉಡುಪಿ ರಾಮಚಂದ್ರ ರಾಯರು. 1972ರ ಮೇ ತಿಂಗಳಲ್ಲಿ ಸೋವಿಯತ್ ಒಕ್ಕೂಟದೊಡನೆ ಒಪ್ಪಂದವಾಯಿತು. ತಂಡದ ಬಹುತೇಕರು ಉಪಗ್ರಹವನ್ನು ಕಣ್ಣಿನಿಂದ ಕಂಡವರೇ ಅಲ್ಲ; ಹೊಸದಾಗಿ ಓದು ಮುಗಿಸಿ ಬಂದ ತರುಣರು. ಮೂರು ವರ್ಷ ತುಂಬುವುದರೊಳಗೆ, 1975ರ ಏಪ್ರಿಲ್ 19ರಂದು, ಸುಮಾರು 360 ಕಿಲೋ ತೂಕದ ಆರ್ಯಭಟ ಸೋವಿಯತ್ ರಾಕೆಟ್ಟನ್ನೇರಿ ಹೋಯಿತು. ಬೆಂಗಳೂರಿನಲ್ಲಿ ಅದರ ಸಂಕೇತಗಳನ್ನು ಹಿಡಿಯಲು ಜಾಗ ಸಾಲದೆ ಒಂದು ಶೌಚಾಲಯವನ್ನೇ ತೆರವು ಮಾಡಿ ಬಳಸಿಕೊಂಡ ಕಥೆ ಅನೇಕರು ಕೇಳಿದ್ದೇ.

ಅದರ ಮುಂದಿನ ಕಥೆಯನ್ನು ಅಷ್ಟಾಗಿ ಹೇಳುವುದಿಲ್ಲ. ಮೇಲೇರಿದ ಐದನೆಯ ದಿನದ ಹೊತ್ತಿಗೆ ವಿದ್ಯುತ್ ಸರಬರಾಜಿನ ದೋಷದಿಂದ ಆರ್ಯಭಟದ ವಿಜ್ಞಾನ ಪ್ರಯೋಗಗಳು ನಿಂತುಹೋದವು. ಮೂರು ವರ್ಷದ ದುಡಿಮೆಗೆ ನಾಲ್ಕೈದು ದಿನದ ಫಲ. ಉಪಗ್ರಹದ ಒಡಲು ಮಾತ್ರ ಬದುಕಿತ್ತು. ವರ್ಷಗಟ್ಟಲೆ ಸಂಕೇತ ಕಳುಹಿಸಿ, ಕೊನೆಗೆ 1992ರಲ್ಲಿ ಭೂಮಿಯ ವಾತಾವರಣಕ್ಕೆ ಬಿದ್ದು ಮುಗಿಯಿತು. ಆದರೆ ಸೋತದ್ದನ್ನು ಮುಚ್ಚದೆ, ಗೆದ್ದದ್ದನ್ನು ಹಿಗ್ಗಿಸದೆ, ತಂಡ ಮುಂದಿನ ಉಪಗ್ರಹಕ್ಕೆ ಕೈ ಹಾಕಿತು. 1979ರಲ್ಲಿ 'ಭಾಸ್ಕರ' ಮೇಲೇರಿತು. ರಾಯರು 2017ರಲ್ಲಿ ತೀರಿಕೊಂಡರು. ಬೆಂಗಳೂರಿನ ಉಪಗ್ರಹ ಕೇಂದ್ರಕ್ಕೆ ಈಗ ಅವರದೇ ಹೆಸರು. ಆ ಐದನೆಯ ದಿನದ ನೆನಪಿಲ್ಲದೆ ಹೋದರೆ ಆ ಹೆಸರಿನ ಅರ್ಧ ತೂಕ ಹೋದಂತೆ.

ಅಂದಿನ ಕೆಲಸ ಸರ್ಕಾರದ್ದು. ಹಿಂದೆ ದೇಶ ನಿಂತಿತ್ತು. 2010ರ ಜುಲೈ 12ರಂದು ಕರ್ನಾಟಕ ಮತ್ತು ಅಂದಿನ ಆಂಧ್ರಪ್ರದೇಶದ ಏಳು ಇಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಕೂಡಿ ಮಾಡಿದ, ಒಂದು ಕಿಲೋಗೂ ಕಡಿಮೆ ತೂಕದ 'ಸ್ಟಡ್‌ಸ್ಯಾಟ್' ಮೇಲೇರಿದಾಗಲೂ ಅದು ಕಲಿಕೆಯ ಕೆಲಸವಾಗಿತ್ತು. 2020ರಲ್ಲಿ ಕೇಂದ್ರ ಸರ್ಕಾರ ಬಾಹ್ಯಾಕಾಶದ ಬಾಗಿಲನ್ನು ಖಾಸಗಿಯವರಿಗೆ ಅಗಲವಾಗಿ ತೆರೆಯಿತು. ಅಂದಿನಿಂದ ಇದು ಇತರರ ಹಣ ಹೊತ್ತು, ದಿನಕ್ಕೆ ಇಷ್ಟು ಎಂದು ಸಂಬಳ ಲೆಕ್ಕ ಹಾಕಿ ನಡೆಸಬೇಕಾದ ವ್ಯವಹಾರವೂ ಆಯಿತು. ಇಲ್ಲಿ ತಡೆದು ನಿಲ್ಲುವುದು ಇನ್ನೂ ಕಷ್ಟ. ತಡೆದ ಒಂದೊಂದು ದಿನಕ್ಕೂ ಬಡ್ಡಿಯುಂಟು.

ಪಿಕ್ಸೆಲ್ ಕಂಪೆನಿಗೆ ಆ ಪರೀಕ್ಷೆ ಬಂದದ್ದು 2021ರ ಫೆಬ್ರವರಿಯಲ್ಲಿ. ಅವರ ಮೊಟ್ಟಮೊದಲ ಉಪಗ್ರಹ 'ಆನಂದ್'. ಫೆಬ್ರವರಿ 28ರಂದು ಶ್ರೀಹರಿಕೋಟೆಯಿಂದ ಏರಲಿದ್ದ ಪಿ.ಎಸ್.ಎಲ್.ವಿ. ರಾಕೆಟ್ಟಿನಲ್ಲಿ ಅದಕ್ಕೆ ಜಾಗ ನಿಗದಿಯಾಗಿತ್ತು. ಹೆಸರು ಪತ್ರಿಕೆಗಳಲ್ಲಿ ಬಂದಿತ್ತು. ಹೊಸ ನೀತಿಯ ಮೊದಲ ಫಲಗಳಲ್ಲಿ ಒಂದೆಂದು ದೇಶ ಕಾದಿತ್ತು. ಹಾರಾಟಕ್ಕೆ ಕೆಲವೇ ದಿನಗಳಿದ್ದಾಗ, ಕಡೆಯ ಪರೀಕ್ಷೆಗಳಲ್ಲಿ ತಂತ್ರಾಂಶದ ದೋಷ ಕಾಣಿಸಿತು. ಅವಸರದಲ್ಲಿ ತೇಪೆ ಹಾಕಿ ಕಳುಹಿಸುವುದೆ? ಇಡೀ ಉಪಗ್ರಹವನ್ನೇ ಹಿಂದಕ್ಕೆ ತೆಗೆದುಕೊಳ್ಳುವುದೆ? ಅವರು ಹಿಂದಕ್ಕೆ ತೆಗೆದುಕೊಂಡರು. ರಾಕೆಟ್ಟು ನಿಗದಿಯಾದ ದಿನವೇ, ಬ್ರೆಜಿಲ್ ದೇಶದ ಉಪಗ್ರಹವನ್ನೂ ಇತರ ಸಣ್ಣ ಉಪಗ್ರಹಗಳನ್ನೂ ಹೊತ್ತು ಏರಿತು. ಆನಂದ್ ನೆಲದಲ್ಲೇ ಉಳಿಯಿತು.

ವಾಚಕರು ಈ ಕ್ಷಣವನ್ನು ಸ್ವಲ್ಪ ಮನಸ್ಸಿನಲ್ಲಿ ನಿಲ್ಲಿಸಿಕೊಳ್ಳಬೇಕು. ಓದು ಮುಗಿಸಿ ಹೆಚ್ಚು ಕಾಲವಾಗದ ಹುಡುಗರು. ಹಣ ಹಾಕಿದವರ ಕಣ್ಣು ಇವರ ಮೇಲೆ. ಇನ್ನೊಂದು ರಾಕೆಟ್ಟಿನಲ್ಲಿ ಜಾಗ ಯಾವಾಗ ಸಿಕ್ಕೀತೆಂಬ ಭರವಸೆಯಿಲ್ಲ. ಮದುವೆಯ ಚಪ್ಪರ ಹಾಕಿಸಿ, ನೆಂಟರಿಷ್ಟರು ಬಂದಿಳಿದ ಮೇಲೆ ಲಗ್ನ ಮುಂದಕ್ಕೆ ಹೋಯಿತೆಂದು ಹೇಳಬೇಕಾದ ಯಜಮಾನನ ಸಂಕಟ ಅದು. ಆನಂದ್ ಕೊನೆಗೆ ಮೇಲೇರಿದ್ದು 2022ರ ನವೆಂಬರ್ 26ರಂದು. ಇಪ್ಪತ್ತೊಂದು ತಿಂಗಳು ತಡವಾಗಿ. ಅಷ್ಟರಲ್ಲಿ ತಂಗಿಯ ಲಗ್ನ ಅಕ್ಕನಿಗಿಂತ ಮೊದಲಾದ ಹಾಗೆ, ಅವರ ಎರಡನೆಯ ಉಪಗ್ರಹ 'ಶಕುಂತಲಾ' ಅದೇ ವರ್ಷದ ಏಪ್ರಿಲ್ 1ರಂದು ಅಮೆರಿಕದ ಫ್ಲಾರಿಡಾದಿಂದ ಹೋಗಿತ್ತು. ಹದಿನೈದು ಹದಿನಾರು ಕಿಲೋ ತೂಗುವ ಆನಂದ್ ತನ್ನ ಸರದಿ ಬಂದಾಗ ಇಸ್ರೋ ರಾಕೆಟ್ಟಿನಲ್ಲೇ ಹೋಯಿತು. ಇವೆರಡೂ ಪ್ರಯೋಗಕ್ಕೆಂದು ಮಾಡಿದವು. ವ್ಯವಹಾರಕ್ಕೆಂದು ಮಾಡಿದ 'ಫೈರ್‌ಫ್ಲೈ', ಎಂದರೆ ಮಿಂಚುಹುಳು, ಎಂಬ ಸರಣಿಯ ಮೊದಲ ಮೂರು 2025ರ ಜನವರಿಯಲ್ಲೂ ಮತ್ತೆ ಮೂರು ಅದೇ ವರ್ಷದ ಆಗಸ್ಟಿನಲ್ಲೂ ಏರಿದವು. ಕಂಪೆನಿ ಹುಟ್ಟಿದ್ದು 2019ರಲ್ಲಿ ಎಂಬುದನ್ನು ನೆನೆದರೆ ನಡುವಣ ಆರು ವರ್ಷ ಬರಿಯ ಹಾರಾಟದ ಕಥೆಯಲ್ಲವೆಂಬುದು ತಿಳಿಯುತ್ತದೆ. ಕಾಯುವುದು, ತಿದ್ದುವುದು, ಮತ್ತೆ ಕಾಯುವುದು: ಅದರ ಬಹುಪಾಲು ಇದೇ.

ಇದನ್ನು ಬರೆಯುವಾಗ ನನ್ನ ಕಣ್ಣ ಮುಂದೆ ಬರುವುದು ನಮ್ಮ ಕೆರೆ. ಶಿಂಷಾ ಹೊಳೆಗೆ ಅಡ್ಡಲಾಗಿ ಏರಿ ಹಾಕಿದ ಕಡಬದ ಕೆರೆ ದೊಡ್ಡದು. ಅದರ ಐತಿಹ್ಯ ಇನ್ನೂ ದೊಡ್ಡದು. ಲಂಕೆಯಿಂದ ಹಿಂದಿರುಗುವಾಗ ರಾಮಚಂದ್ರನು ಇಲ್ಲಿ ತಂಗಿದನಂತೆ. ಈ ಹೊಳೆಗೆ ಕಟ್ಟೆ ಕಟ್ಟಿಸಬೇಕೆಂದು ಸೀತಾದೇವಿ ಕೇಳಿಕೊಂಡಳಂತೆ. ಕಟ್ಟಿಸಿದ ಕೀರ್ತಿ ರಾಮನಿಗಿರಲಿ. ಆದರೆ ಕೆರೆ ಎಂಬುದು ಕಟ್ಟಿದವನಿಂದ ಬಾಳುವುದಿಲ್ಲ, ಕಾಯುವವನಿಂದ ಬಾಳುತ್ತದೆ. ಹಳೆಯ ಕಾಲದ ಕೆರೆಯ ಊರುಗಳಲ್ಲಿ ಆ ಕಾವಲಿಗೆ ನೀರುಗಂಟಿ ಎಂಬವನಿದ್ದ. ನೀರು ಅವನದಲ್ಲ, ಗದ್ದೆಯೂ ಅವನದಲ್ಲ. ತೂಬು ಮಾತ್ರ ಅವನ ಕೈಯಲ್ಲಿ. ತೂಬು ಎತ್ತುವುದನ್ನು ಯಾರೂ ಮಾಡಿಯಾರು. ಕೆರೆ ಅರ್ಧ ತುಂಬಿದ ವರ್ಷ, ಭತ್ತದ ಸಸಿ ಎದ್ದು ನಿಂತಿರುವಾಗ, ಊರಿನ ದೊಡ್ಡವರೇ ಬಂದು ನಿಂತರೂ "ಇವತ್ತು ಬಿಡೋದಿಲ್ಲ, ಅಯ್ಯಾ" ಎನ್ನುವುದು ನೀರುಗಂಟಿಯ ಕೆಲಸ. ಅವನ ಅಧಿಕಾರವೆಲ್ಲ ಆ ಒಂದು 'ಇಲ್ಲ'ದಲ್ಲಿ ಇತ್ತು. ಆ 'ಇಲ್ಲ' ಅವನ ಸ್ವಂತ ನೆಂಟರ ಗದ್ದೆಗೂ ಸಲ್ಲುತ್ತಿದ್ದುದರಿಂದಲೇ ಊರು ಅದನ್ನು ಒಪ್ಪುತ್ತಿತ್ತು.

ಉಪಗ್ರಹದ ಕಂಪೆನಿಯ ಮುಂದಾಳುಗಳು ನನ್ನ ಮಟ್ಟಿಗೆ ಆಕಾಶದ ನೀರುಗಂಟಿಗಳು. 2021ರ ಫೆಬ್ರವರಿಯ 'ಇಲ್ಲ' ಆ ಕಂಪೆನಿಯ ನಿಜವಾದ ಪ್ರಾರಂಭ ಎಂದು ನಾನು ತಿಳಿಯುತ್ತೇನೆ.

ಕೆರೆಯ ಮಾತು ಬಂದುದರಿಂದ ಇನ್ನೊಂದನ್ನೂ ಹೇಳಬೇಕು. ನೀರುಗಂಟಿ ಒಂಟಿಯಲ್ಲ. ಊರನ್ನು ಕೂಡಿಸಲು ಗೌಡ, ಲೆಕ್ಕವಿಡಲು ಶಾನುಭೋಗ, ಸುದ್ದಿ ಮುಟ್ಟಿಸಲು ತೋಟಿ ಇದ್ದರು. ಒಬ್ಬನ ಕೆಲಸಕ್ಕೆ ಇನ್ನೊಬ್ಬ ಕೈ ಹಾಕುತ್ತಿರಲಿಲ್ಲ. ಒಬ್ಬ ತಪ್ಪಿದರೆ ಇನ್ನೊಬ್ಬನ ಕೆಲಸ ನಡೆಯುತ್ತಿರಲಿಲ್ಲ. ಇದೇ ಕ್ರಮವನ್ನು ಸಣ್ಣ ಉಪಗ್ರಹ ಕಂಪೆನಿಗಳಲ್ಲಿಯೂ ಕಾಣುತ್ತೇವೆ. ಹೈದರಾಬಾದಿನ 'ಧ್ರುವ ಸ್ಪೇಸ್' ಒಂದು ಒಳ್ಳೆಯ ನಿದರ್ಶನ. 2012ರಲ್ಲಿ ಸಂಜಯ್ ನೆಕ್ಕಂಟಿ ಅದನ್ನು ತೊಡಗಿದಾಗ ಖಾಸಗಿಯವರಿಗೆ ಆಕಾಶದ ಬಾಗಿಲು ಹೆಚ್ಚು ಕಡಿಮೆ ಮುಚ್ಚಿಯೇ ಇತ್ತು. ಮುಂದೆ ಯಂತ್ರವಿದ್ಯೆಯ ಹೊಣೆಗೆ ಅಭಯ್ ಏಗೂರ್, ಕಾರ್ಯನಿರ್ವಹಣೆಗೆ ಕೃಷ್ಣತೇಜ ಪೆನಮಕೂರು, ಹಣಕಾಸಿಗೆ ಚೈತನ್ಯ ದೊರ ಸೂರಪುರೆಡ್ಡಿ ಜೊತೆಗೂಡಿದರು. ಅವರ ಒಂದೂವರೆ ಕಿಲೋದೊಳಗಿನ ಎರಡು 'ಥೈಬೋಲ್ಟ್' ಉಪಗ್ರಹಗಳು ಏರಿದ್ದು ಆನಂದ್ ಏರಿದ ಅದೇ ರಾಕೆಟ್ಟಿನಲ್ಲಿ. ತೊಡಗಿದ ಹತ್ತನೆಯ ವರ್ಷ! ಬಾಗಿಲು ತೆರೆಯುವ ಮುನ್ನವೇ ಬಂದು ಜಗುಲಿಯಲ್ಲಿ ಕುಳಿತವರ ತಾಳ್ಮೆ ಅದು. ಹಣಕಾಸಿನವನು ಯಂತ್ರದವನಿಗೆ "ಇನ್ನೊಂದು ತಿಂಗಳು ತಡೆದುಕೊಳ್ಳಬಲ್ಲೆವು" ಎಂದು ಧೈರ್ಯ ಹೇಳಬಲ್ಲವನಾದರೆ ಮಾತ್ರ ಯಂತ್ರದವನು "ಇದು ಇನ್ನೂ ಸಿದ್ಧವಾಗಿಲ್ಲ" ಎಂದು ನಿಜ ಹೇಳಬಲ್ಲ. ತಂಡದ ಅರ್ಥ ಇಷ್ಟೇ. ನಿಜ ಹೇಳಿದವನಿಗೆ ಶಿಕ್ಷೆಯಾಗುವ ಕಡೆ ಎಂಥ ಬುದ್ಧಿವಂತರನ್ನು ಕೂಡಿಸಿದರೂ ಆನಂದ್ ದೋಷದೊಡನೆಯೇ ಹಾರಿಹೋಗುತ್ತದೆ.

ಈಗ ಈ ಸಣ್ಣ ಕೆರೆಗಳು ಒಂದಕ್ಕೊಂದು ಕಾಲುವೆ ತೋಡಿಕೊಂಡಿವೆ. 2025ರ ಆಗಸ್ಟಿನಲ್ಲಿ, ಹನ್ನೆರಡು ಉಪಗ್ರಹಗಳ ಸಮೂಹವೊಂದನ್ನು 1,200 ಕೋಟಿ ರೂಪಾಯಿಗೂ ಮೀರಿದ ಬಂಡವಾಳದಿಂದ ಕಟ್ಟಿ ನಡೆಸುವ ಹೊಣೆಗೆ, ಕೇಂದ್ರದ ಬಾಹ್ಯಾಕಾಶ ಉತ್ತೇಜನ ಸಂಸ್ಥೆ ಇನ್‌ಸ್ಪೇಸ್, ಪಿಕ್ಸೆಲ್ ಮುಂದಾಳುತನದ ಕೂಟವನ್ನು ಆಯ್ಕೆ ಮಾಡಿತು. ಆ ಕೂಟದಲ್ಲಿ ಧ್ರುವ ಸ್ಪೇಸ್ ಇದೆ. ಮೋಡದಾಚೆಗೂ ಕಾಣುವ ರೇಡಾರ್ ಕಣ್ಣಿನ 'ಪಿಯರ್‌ಸೈಟ್' ಇದೆ. ಚಿತ್ರಗಳಿಂದ ಕೃಷಿಗೂ ಬ್ಯಾಂಕುಗಳಿಗೂ ಬೇಕಾದ ಅರ್ಥ ತೆಗೆಯುವ 'ಸ್ಯಾಟ್‌ಶೂರ್' ಇದೆ. ಒಬ್ಬರ ಕುರುಡಿಗೆ ಇನ್ನೊಬ್ಬರ ಕಣ್ಣು. ನಾಲ್ಕು ಊರಿನ ನೀರುಗಂಟಿಗಳು ಒಂದೇ ಏರಿಯ ಮೇಲೆ ಕೂಡಿ ನಡೆಯಬಲ್ಲರೆ ಎಂಬುದನ್ನು ಕಾಲ ಹೇಳಬೇಕು.

ಆದರೆ ಏರಿಯ ಕೆಳಗೆ ಗದ್ದೆ ಇರುವ ನಮ್ಮ ಪಾಲಿಗೆ ಕೇಳಲೇಬೇಕಾದ ಪ್ರಶ್ನೆಯೊಂದುಂಟು. ನೀರು ಯಾರಿಗೆ?

ಐದು ಮೀಟರಿನ ಚೌಕದಲ್ಲಿ ಮನುಷ್ಯನ ಮುಖ ಕಾಣದು, ನಿಜ. ಅವನ ಬದುಕು ಕಾಣುತ್ತದೆ. ಈ ಸಲ ಗುಬ್ಬಿ, ತುರುವೇಕೆರೆ, ತಿಪಟೂರು ಸೀಮೆಯ ತೆಂಗು ಸೊರಗಿದೆಯೆ, ಸೊಕ್ಕಿದೆಯೆ ಎಂಬುದು ತೋಟದವನಿಗಿಂತ ಮೊದಲು ದೂರದ ವರ್ತಕನಿಗೆ ತಿಳಿದರೆ, ತಿಪಟೂರಿನ ಕೊಬ್ಬರಿ ಮಾರುಕಟ್ಟೆಯಲ್ಲಿ ಧಾರಣೆ ಕೂಗುವ ಹೊತ್ತಿಗೆ ಯಾರ ಕೈ ಮೇಲಾದೀತು? ಸಾಲ ಕೊಡುವ ಬ್ಯಾಂಕು, ವಿಮೆ ಕಟ್ಟಿಸಿಕೊಂಡ ಕಂಪೆನಿ ಇದೇ ಚಿತ್ರವನ್ನು ನೋಡಿ ಬೆಳೆ ಹೋಗಿದೆಯೆಂದು ಬೇಗನೆ ಪರಿಹಾರ ಕೊಟ್ಟರೆ ಅದು ಉಪಕಾರ. ಸಾಲವೇ ಬೇಡವೆಂದು ಬಾಗಿಲು ಹಾಕಿದರೆ ಅದೇ ಚಿತ್ರ ಅಪಕಾರ. ಕಂಪೆನಿಗಳು ಬದುಕಬೇಕಾದರೆ ಕೊಳ್ಳುವವರು ಬೇಕು. 2024ರಲ್ಲಿ ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾ ಭೂವೀಕ್ಷಣೆಯ ಮಾಹಿತಿಗಾಗಿ ಆರಿಸಿಕೊಂಡ ಎಂಟು ಕಂಪೆನಿಗಳಲ್ಲಿ ಪಿಕ್ಸೆಲ್ ಒಂದಾಯಿತೆಂಬುದು ನಮಗೆಲ್ಲ ಹೆಮ್ಮೆಯ ಸಂಗತಿ. ಆದರೆ ಹೆಚ್ಚು ಬೆಲೆ ಕೊಡಬಲ್ಲವನ ಗದ್ದೆಗೇ ತೂಬು ತಿರುಗುವುದು ಹಣದ ಸಹಜ ಧರ್ಮ. ಅಲ್ಲಿಯೂ ಒಂದು 'ಇಲ್ಲ' ಹೇಳಬಲ್ಲವರು ಬೇಕಾಗುತ್ತದೆ. ದೋಷವಿದ್ದ ಉಪಗ್ರಹವನ್ನು ತಡೆದ ಕೈ, ಅನ್ಯಾಯದ ಬಳಕೆಯನ್ನೂ ತಡೆಯುವಷ್ಟು ಗಟ್ಟಿಯಾಗಿದೆಯೆ? ಮೊದಲನೆಯದನ್ನು ಯಂತ್ರದ ಪರೀಕ್ಷೆ ಹೇಳಿಕೊಟ್ಟಿತು. ಎರಡನೆಯದನ್ನು ಯಾವ ಪರೀಕ್ಷೆಯೂ ಹೇಳಿಕೊಡದು. ಊರಿನ ನೆನಪು ಹೇಳಿಕೊಡಬೇಕು.

ಆದುದರಿಂದಲೇ ಆಲ್ದೂರಿನಂಥ ಊರುಗಳಿಂದ ಹುಡುಗರು ಈ ಕೆಲಸಕ್ಕೆ ಹೋಗಬೇಕೆಂದು ನನಗೆ ತೋರುತ್ತದೆ. ಕಾಫಿಯ ಹೂ ಒಂದು ಮಳೆಗೆ ಎಷ್ಟು ಕಾಯುತ್ತದೆ, ತೆಂಗಿನ ಗರಿ ಯಾವ ಬಣ್ಣಕ್ಕೆ ತಿರುಗಿದರೆ ಮನೆಯ ಯಜಮಾನನ ಮುಖ ಯಾವ ಬಣ್ಣಕ್ಕೆ ತಿರುಗುತ್ತದೆ ಎಂಬುದನ್ನು ಕಂಡು ಬೆಳೆದವರು ಆ ಚೌಕದೊಳಗೆ ಇರುವುದು ಬರಿಯ ಬೆಳಕಿನ ಎಳೆಗಳಲ್ಲವೆಂಬುದನ್ನು ಬಲ್ಲರು.

ನಮ್ಮ ಗುಬ್ಬಿ ತಾಲ್ಲೂಕೂ ಆಕಾಶಕ್ಕೆ ತೀರ ಹೊರತಾಗಿಲ್ಲ. ಬಿದರೆಹಳ್ಳ ಕಾವಲಿನಲ್ಲಿ ಎಚ್.ಎ.ಎಲ್. ಸಂಸ್ಥೆಯ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿ 6ರಂದು ಲೋಕಾರ್ಪಣೆಯಾಯಿತು. ದನ ಮೇಯುತ್ತಿದ್ದ ಕಾವಲಿನಲ್ಲಿ ರೆಕ್ಕೆಗಳು ಹುಟ್ಟುತ್ತಿವೆ. ಅದರ ಗೇಟಿನ ಹೊರಗೆ ನಿಂತು ನೋಡುವವರಾಗಿ ಮಾತ್ರ ನಮ್ಮ ಮಕ್ಕಳು ಉಳಿಯಬಾರದಷ್ಟೆ.

ಆ ವಿದ್ಯಾರ್ಥಿಗೆ ಮರುದಿನ ಹೇಳಿದೆ: "ಆಗಬಹುದು ಕಣಪ್ಪಾ. ಗಣಿತ ಬೇಕು, ಯಂತ್ರವಿದ್ಯೆ ಬೇಕು. ಅದಕ್ಕೆ ನನಗಿಂತ ಬಲ್ಲ ಮೇಷ್ಟರುಗಳಿದ್ದಾರೆ, ಅವರ ಬೆನ್ನು ಹತ್ತು. ನಾನು ಹೇಳಬಹುದಾದದ್ದು ಒಂದೇ. ಎಲ್ಲರೂ ಹಾರಿಸು ಹಾರಿಸು ಅಂತ ಕೂಗುವಾಗ, ಇವತ್ತು ಬೇಡ ಅನ್ನೋದನ್ನು ಈಗಿನಿಂದಲೇ ಕಲಿ."

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: "ನಮ್ಮ ತಾತ ಆ ಕಾಲದಲ್ಲಿ ತೂಬು ಕಾಯ್ತಿದ್ರು, ಸಾರ್. ಊರಲ್ಲಿ ಅವರನ್ನ ಬೈಯದೆ ಇದ್ದೋರೇ ಇರಲಿಲ್ಲವಂತೆ."

"ಕೆರೆ ಒಡೆಯಿತೇನೋ?"

"ಇಲ್ಲ, ಸಾರ್."

ಒಂದು ಸಾವಿರದ ಇನ್ನೂರು ವರ್ಷಗಳ ಹಿಂದೆ ಕುಣಿಗಲ್ ಸೀಮೆಯ ಅರಸನೊಬ್ಬ ಆಕಾಶದ ದೃಷ್ಟಿಗೆ ಹೆದರಿದ. ಆ ಹೆದರಿಕೆ ಕಳೆದವರಿಗೆ ಒಂದು ಊರೇ ದತ್ತಿಯಾಯಿತು. ಈಗ ಆಕಾಶದಲ್ಲಿ ನಾವೇ ಇಟ್ಟ ಕಣ್ಣುಗಳು ಸುಮಾರು ಒಂದೂವರೆ ಗಂಟೆಗೊಂದು ಸುತ್ತಿನಂತೆ ಭೂಮಿಯನ್ನು ಸುತ್ತುತ್ತಿವೆ. ಅವುಗಳ ದೃಷ್ಟಿ ಪೀಡೆಯಾಗುವುದೂ ಕೃಪೆಯಾಗುವುದೂ ಗ್ರಹಗತಿಯ ಮೇಲೆ ನಿಂತಿಲ್ಲ. ನೆಲದ ಮೇಲೆ ಒಂದು ಕೋಣೆಯಲ್ಲಿ ಕುಳಿತ ನಾಲ್ಕು ಮಂದಿಯ ಮೇಲೆ ನಿಂತಿದೆ.